ಆ ಪಟ್ಟಿ ಪಕ್ಕಕ್ಕಿಡು, ಮೊದಲು ಹಿಡಿಕೆ ನೋಡು

ಗೆಳೆಯಾ,

ನೀನು ಕಳಿಸಿದ ಪಟ್ಟಿ ನೋಡಿದೆ. ಟ್ರೆಡ್‌ಮಿಲ್, ಮಲ್ಟಿ ಜಿಮ್, ಮಡಚೋ ಬೆಂಚು, 4 ಕೆಜಿಯಿಂದ 32 ಕೆಜಿವರೆಗೆ ಸಾಲಾಗಿ ಎಂಟು ಕೆಟಲ್‌ಬೆಲ್ (ಮೇಲೆ ಹಿಡಿಕೆ ಇರೋ ಕಬ್ಬಿಣದ ಗುಂಡು), ಅವನ್ನು ಜೋಡಿಸಿಡೋಕೆ ಒಂದು ಸ್ಟ್ಯಾಂಡ್. ಇಷ್ಟನ್ನೂ ಆ ಒಂದು ಕೋಣೆಗೆ ತುಂಬಿದರೆ ವ್ಯಾಯಾಮ ಮಾಡೋಕೆ ನೀನು ಹೊರಗೆ ನಿಲ್ಲಬೇಕಾಗುತ್ತೆ. ನನ್ನ ಕೇಳಿದರೆ ಒಂದು ಕೆಟಲ್‌ಬೆಲ್ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಹೊಡೆದುಹಾಕು. ಎರಡನೆಯದರ ಮಾತು ಒಂದಷ್ಟು ತಿಂಗಳು ಕಳೆದ ಮೇಲೆ.

ಇಷ್ಟುದ್ದ ಬರೆದಿದ್ದೀಯ, ಎಲ್ಲ ಕಡೆ ತೂಕದ್ದೇ ಪ್ರಶ್ನೆ. ಹಿಡಿಕೆ ಬಗ್ಗೆ ಒಂದಕ್ಷರ ಕೇಳಿಲ್ಲ. ತೂಕ ಅನ್ನೋದು ಯಾವ ಕಬ್ಬಿಣದಲ್ಲಾದರೂ ಇರುತ್ತೆ ಕಣೋ. ಕೆಟಲ್‌ಬೆಲ್ ತಗೊಳ್ಳೋನು ದುಡ್ಡು ಕೊಡೋದು ಹಿಡಿಕೆಗೆ. ಡಂಬೆಲ್‌ನಲ್ಲಿ ತೂಕ ಮುಷ್ಟಿಯ ಎರಡೂ ಪಕ್ಕ ಸಮನಾಗಿ ಕೂತಿರುತ್ತೆ. ಇದರಲ್ಲಿ ಹಾಗಲ್ಲ, ಗುಂಡಿನ ನಡುಭಾಗ ಹಿಡಿಕೆಯಿಂದ ಮುಕ್ಕಾಲು ಗೇಣು ಕೆಳಗಿರುತ್ತೆ. ಅದಕ್ಕೇ ಅದನ್ನು ಕಾಲುಗಳ ನಡುವೆ ಬೀಸೋಕೆ ಆಗೋದು, ತಲೆ ಮೇಲೆ ಎತ್ತಿದಾಗ ಮಣಿಕಟ್ಟಿನ ಹಿಂದೆ ಒರಗೋದು. ಒಂದೊಂದು ಸಲ ಬೀಸಿದಾಗಲೂ ಹಿಡಿಕೆ ಅಂಗೈಯೊಳಗೆ ಸ್ವಲ್ಪ ತಿರುಗುತ್ತೆ. ಹಾಗೆ ಬೀಸೋದಕ್ಕೇ ಸ್ವಿಂಗ್ ಅನ್ನೋದು; ಒಂದು ದಿನಕ್ಕೆ ನೂರು ಸ್ವಿಂಗ್ ಅಂದರೆ ನೂರು ಸಲ ಆ ಲೋಹ ನಿನ್ನ ಚರ್ಮದ ಮೇಲೆ ಜಾರುತ್ತೆ. ಒಂದು ಸಣ್ಣ ಮುಳ್ಳು ಸಾಕು, ವಾರಗಟ್ಟಲೆ ಸುಮ್ಮನೆ ಕೂರಿಸೋಕೆ.

ಹಾಗಾಗಿ ಬೆಲ್ ಕೈಗೆ ಸಿಕ್ಕ ತಕ್ಷಣ ಮಾಡಬೇಕಾದ್ದು ಇದು. ಹಿಡಿಕೆಯ ಒಳಮೈ, ಅಂದರೆ ಗುಂಡಿನ ಕಡೆಗಿರೋ ಮೈ ಇದೆಯಲ್ಲ, ಅಲ್ಲಿ ಬೆರಳು ಆಡಿಸು. ಎರಕ ಹೊಯ್ಯುವಾಗ ಅಚ್ಚಿನ ಎರಡು ಭಾಗ ಸೇರೋ ಜಾಗದಲ್ಲಿ ಒಂದು ಏಣು ಉಳಿದಿರುತ್ತೆ. ಒಳ್ಳೆ ತಯಾರಕರು ಅದನ್ನು ಉಜ್ಜಿ ತೆಗೆದಿರ್ತಾರೆ, ಉಳಿದವರು ಮೇಲೆ ಬಣ್ಣ ಬಳಿದು ಕಳಿಸ್ತಾರೆ. ಬೆರಳಿಗೆ ಗೊತ್ತಾಗದಿದ್ದರೆ ಒಂದು ಹತ್ತಿ ಉಂಡೆ ತಗೊಂಡು ಸುತ್ತಲೂ ಒರೆಸು. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ನಿನ್ನ ಅಂಗೈಯೂ ಕಿತ್ತುಬರೋದು. ಸಣ್ಣದಾಗಿದ್ದರೆ ಉಪ್ಪುಕಾಗದದಲ್ಲಿ ನೀನೇ ತೀಡಬಹುದು, ದೊಡ್ಡದಾಗಿದ್ದರೆ ವಾಪಸ್ ಕಳಿಸು. ಆಮೇಲೆ ಹಿಡಿಕೆಗೂ ಗುಂಡಿಗೂ ನಡುವೆ ಇರೋ ಕಿಂಡಿ. ಅದರೊಳಗೆ ಕೈ ತೂರಿಸಿ, ಹಿಡಿಕೆಯನ್ನು ಅಂಗೈಗೆ ಅಡ್ಡಡ್ಡ ಒರಗಿಸಿ, ಗುಂಡು ಮುಂಗೈ ಮೇಲೆ ಕೂತಾಗ ಮಣಿಕಟ್ಟು ನೆಟ್ಟಗಿರುತ್ತಾ ನೋಡು. ಕಿಂಡಿ ಚಿಕ್ಕದಾದರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತೆ. ಕೊನೆಗೆ ನೆಲದ ಮೇಲಿಟ್ಟು ಅಲ್ಲಾಡಿಸು. ತಳ ಚಪ್ಪಟೆಯಾಗಿ ಕೂರಬೇಕು, ತೊನೆಯಬಾರದು.

ಹಿಡಿಕೆಯ ದಪ್ಪ 33ರಿಂದ 35 ಮಿಲಿಮೀಟರ್ ಇದ್ದರೆ ಹೆಚ್ಚಿನವರ ಕೈಗೆ ಸರಿಹೋಗುತ್ತೆ. ಅದಕ್ಕಿಂತ ದಪ್ಪ ಆದರೆ ಸೊಂಟಕ್ಕೆ ಇನ್ನೂ ಕಸುವು ಉಳಿದಿರುವಾಗಲೇ ಬೆರಳು ಸೋತುಹೋಗುತ್ತೆ. ಫಳಫಳ ಹೊಳೆಯೋ ಹಿಡಿಕೆ ಕಣ್ಣಿಗೆ ಚೆಂದ, ಬೆವರು ಬಂದ ಮೇಲೆ ಸೋಪಿನ ಥರ ಜಾರುತ್ತೆ. ಪೌಡರ್ ಕೋಟಿಂಗ್ ಇರೋದು ಸ್ವಲ್ಪ ಮರಳುಮರಳಾಗಿ ಹಿಡಿತ ಕೊಡುತ್ತೆ, ಚಾಕ್ ಹಚ್ಚಿದರೆ ನಿಲ್ಲುತ್ತೆ. ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್, ಕಪ್ಪು ಹಲಗೆ ಮೇಲೆ ಬರೆಯೋದಲ್ಲ. ಅದನ್ನೂ ಜಾಸ್ತಿ ಬಳಿದರೆ ಅಂಗೈಯ ಜಡ್ಡು ಹಿಡಿಕೆಗೆ ಕಚ್ಚಿಕೊಂಡು ಹರಿಯುತ್ತೆ. ಕೈಗವಸು ಬೇಡವೇ ಬೇಡ, ಹಿಡಿಕೆ ಇನ್ನಷ್ಟು ದಪ್ಪ ಆಗುತ್ತೆ, ಒಳಗೆ ಚರ್ಮ ಮಡಚಿಕೊಂಡು ಗುಳ್ಳೆ ಏಳುತ್ತೆ.

ಈಗ ಯಾವ ಜಾತಿಯದ್ದು ಅನ್ನೋ ಪ್ರಶ್ನೆ. ನಿನಗೆ ಲೆಕ್ಕಕ್ಕಿರೋದು ಎರಡೇ. ಒಂದು ಎರಕದ ಕಬ್ಬಿಣದ್ದು: ತೂಕ ಹೆಚ್ಚಿದಂತೆ ಗಾತ್ರವೂ ಹೆಚ್ಚುತ್ತೆ, ಹಿಡಿಕೆ ಸಾಮಾನ್ಯವಾಗಿ ಅಗಲ, ಎರಡೂ ಕೈ ಆರಾಮಾಗಿ ಹಿಡಿಸುತ್ತೆ. ಇನ್ನೊಂದು ಸ್ಪರ್ಧೆಗೆ ಬಳಸೋ ಉಕ್ಕಿನದ್ದು. 8 ಕೆಜಿಯೇ ಇರಲಿ, 32 ಕೆಜಿಯೇ ಇರಲಿ, ಹೊರಗಿನ ಅಳತೆ ಒಂದೇ, ಗುಂಡಿನ ಅಡ್ಡಳತೆ 210 ಮಿಲಿಮೀಟರ್. ಕಡಿಮೆ ತೂಕದವು ಒಳಗೆ ಟೊಳ್ಳಾಗಿರ್ತವೆ. ನೋಡಿದ ಕೂಡಲೇ ತೂಕ ಗೊತ್ತಾಗಲಿ ಅಂತ ಬಣ್ಣ: 16 ಹಳದಿ, 24 ಹಸಿರು, 32 ಕೆಂಪು. ಕೆಟಲ್‌ಬೆಲ್ ಎತ್ತೋ ಆ ಸ್ಪರ್ಧೆಯಲ್ಲಿ ಹತ್ತು ನಿಮಿಷ ಬೆಲ್ಲನ್ನು ಕೆಳಗಿಡೋ ಹಾಗಿಲ್ಲ, ಸ್ನ್ಯಾಚ್‌ನಲ್ಲಿ (ಬೆಲ್ಲನ್ನು ಒಂದೇ ಬೀಸಿಗೆ ತಲೆ ಮೇಲಕ್ಕೆ ಒಯ್ಯೋದು) ಕೈ ಬದಲಿಸೋಕೂ ಒಂದೇ ಅವಕಾಶ. ಹಾಗಾಗಿ ತೂಕ ಏರಿಸಿದಾಗಲೂ ಬೆಲ್ ಮುಂಗೈ ಮೇಲೆ ಅದೇ ಜಾಗಕ್ಕೆ ಬಂದು ಕೂರಬೇಕು ಅನ್ನೋದು ಅವರಿಗೆ ಮುಖ್ಯ. ನಿನಗೆ ಅದರ ಅಗತ್ಯ ಈಗಿಲ್ಲ. ಅವುಗಳ ಹಿಡಿಕೆ ಒಂದು ಕೈಗೆ ಅಂತಲೇ ಮಾಡಿದ್ದು, ಕಿಂಡಿ ಕಿರಿದು. ನಿನ್ನ ಅಂಥಾ ದೊಡ್ಡ ಕೈ ಎರಡನ್ನೂ ಅದರಲ್ಲಿ ತುರುಕಿದರೆ ಕಿರುಬೆರಳುಗಳು ಹೊರಗೇ ಉಳಿಯುತ್ತವೆ. ಮೊದಲ ಕೆಲವು ತಿಂಗಳು ನೀನು ಮಾಡೋದು ಎರಡು ಕೈ ಸ್ವಿಂಗೇ ಆಗಿರೋದರಿಂದ ಎರಕದ್ದನ್ನೇ ತಗೋ. ಹಿಡಿಕೆ, ಗುಂಡು ಒಂದೇ ಎರಕದಲ್ಲಿ ಹೊಯ್ದದ್ದಾಗಿರಲಿ, ಬೇರೆ ಬೇರೆ ಮಾಡಿ ಬೆಸೆದದ್ದು ಬೇಡ.

ಸಿಮೆಂಟ್ ತುಂಬಿದ ಪ್ಲಾಸ್ಟಿಕ್ಕಿನವು ಅಗ್ಗಕ್ಕೆ ಸಿಗುತ್ತವೆ. ಅಷ್ಟೇ ತೂಕಕ್ಕೆ ಗುಡಾಣದಷ್ಟು ಗಾತ್ರ, ಮೇಲೆ ಡೊಂಕು ಹಿಡಿಕೆ. ಮುಟ್ಟಬೇಡ. ವಿನೈಲ್ ಹೊದಿಸಿದ್ದು ನೆಲಕ್ಕೆ ಒಳ್ಳೇದೇ, ಆದರೆ ಆ ಹೊದಿಕೆ ಬೆವರಿದ ಮುಂಗೈ ಚರ್ಮವನ್ನು ಎಳೆಯುತ್ತೆ. ನೆಲ ಕಾಪಾಡೋಕೆ ಮ್ಯಾಟ್ ಇದೆಯಲ್ಲ. ಒಳಗೆ ಬಿಲ್ಲೆ ಸೇರಿಸಿ ತೂಕ ಬದಲಿಸೋ ಬೆಲ್ ಬಗ್ಗೆ ಮಾತ್ರ ನನಗೆ ತಕರಾರು ಕಮ್ಮಿ, ಜಾಗ ಇಲ್ಲದವರಿಗೆ ಅದು ನಿಜಕ್ಕೂ ಅನುಕೂಲ. ಆದರೆ ಹೊರಮೈ ದುಂಡಗಿರಬೇಕು, ಬಿಲ್ಲೆಯ ಅಂಚು ಹೊರಗೆ ಚಾಚಿರಬಾರದು, ಕುಲುಕಿದರೆ ಒಳಗೆ ಲೊಟಲೊಟ ಅನ್ನಬಾರದು. ಪ್ರತಿ ಸಲ ಎತ್ತೋ ಮೊದಲು ಬೀಗ ಸರಿಯಾಗಿ ಬಿದ್ದಿದೆಯಾ ಅಂತ ನೋಡೋ ತಾಳ್ಮೆ ನಿನಗಿದೆಯಾ, ನೀನೇ ಹೇಳಬೇಕು. ನನಗಂತೂ ಅನುಮಾನ.

ತೂಕಕ್ಕೆ ಬರ್ತೀನಿ, ಅದನ್ನೇ ಕೇಳಿದ್ದೆಯಲ್ಲ. 16, 24, 32 ಅನ್ನೋ ಲೆಕ್ಕ ಬಂದಿದ್ದು ರಷ್ಯಾದ ಹಳೇ ತೂಕದ ಅಳತೆಯಿಂದ. ಅಲ್ಲಿ ಒಂದು ಪೂಡ್ ಅಂದರೆ 16.38 ಕೆಜಿ, ಅದನ್ನೇ ಒಂದು, ಒಂದೂವರೆ, ಎರಡು ಪೂಡ್ ಅಂತ ಮಾಡಿದರು. ಗಟ್ಟಿಗರ ಲೆಕ್ಕ ಅದು. 16ರಿಂದ 24ಕ್ಕೆ ಹಾರೋದು ಅಂದರೆ ತೂಕದ ಅರ್ಧದಷ್ಟು ಒಂದೇ ಸಲ ಹೆಚ್ಚಾದ ಹಾಗೆ. ಸ್ವಿಂಗ್‌ನಲ್ಲಿ ಆ ನೆಗೆತ ಹೇಗೋ ಆಗುತ್ತೆ, ಭುಜದಿಂದ ತಲೆ ಮೇಲಕ್ಕೆ ಒತ್ತೋ ಪ್ರೆಸ್‌ನಲ್ಲಿ ಆಗಲ್ಲ. ಈಗ 4 ಕೆಜಿ ಅಂತರದಲ್ಲಿ ಬರೋದರಿಂದ ಸ್ವಲ್ಪ ವಾಸಿ.

ಇದರಲ್ಲಿರೋ ನಿಜವಾದ ತೊಡಕು ಬೇರೆ. ಸ್ವಿಂಗ್ ಮಾಡೋದು ಪಿರ್ರೆ, ಹಿಂದೊಡೆ. ದೇಹದಲ್ಲಿ ಅದಕ್ಕಿಂತ ದೊಡ್ಡ ಎಂಜಿನ್ ಇಲ್ಲ. ಪ್ರೆಸ್ ಮಾಡೋದು ಒಂದು ಭುಜ, ಒಂದು ತೋಳು. ಎರಡಕ್ಕೂ ಒಂದೇ ತೂಕ ಹೇಗೆ ಸರಿಹೋದೀತು? ಅದಕ್ಕೇ ಮುಂದೊಂದು ದಿನ ಎರಡು ಬೆಲ್ ಬೇಕಾಗುತ್ತೆ, ಎಂಟಂತೂ ಯಾವತ್ತೂ ಬೇಕಾಗಲ್ಲ. ತೂಕ ಎತ್ತಿ ರೂಢಿ ಇಲ್ಲದ, ಆರೋಗ್ಯವಾಗಿರೋ ಗಂಡಸಿಗೆ ಸಾಮಾನ್ಯವಾಗಿ 16 ಹೇಳ್ತಾರೆ, ಹೆಂಗಸರಿಗೆ 8 ಅಥವಾ 12. ಬಾರ್‌ಬೆಲ್ ಎತ್ತಿ ಪಳಗಿದವರು 20, 24ರಿಂದಲೇ ಶುರು ಮಾಡಬಹುದು. ನೀನು ಕಾಲೇಜಲ್ಲಿ ಎತ್ತುತ್ತಿದ್ದದ್ದನ್ನು ಲೆಕ್ಕಕ್ಕೆ ತಗೋಬೇಡ. 16 ತಗೋ. ಆಗ ಪ್ರೆಸ್ ಕಷ್ಟ ಆಗುತ್ತೆ, ಆಗಲಿ, ನಾಲ್ಕೈದು ಸಲ ನೆಟ್ಟಗೆ ಎತ್ತೋಕೆ ಬಂದರೆ ಸದ್ಯಕ್ಕೆ ಸಾಕು. ಸ್ವಿಂಗ್‌ನಲ್ಲಿ ಬೆಲ್ ಹಗುರ ಅನಿಸಿ ತೋಳಿನಿಂದಲೇ ಎತ್ತೋ ಚಪಲ ಬರೋ ಹೊತ್ತಿಗೆ ಸ್ವಿಂಗಿಗೆ ಅಂತಲೇ 24 ಸೇರಿಸು, 16 ಪ್ರೆಸ್‌ಗೆ ಉಳಿಯುತ್ತೆ. ಬರೆದಿರೋಷ್ಟೇ ತೂಕ ಇದೆಯಾ ಅಂತ ನೋಡೋಕೆ ಬೆಲ್ ಹಿಡಿದು ತಕ್ಕಡಿ ಮೇಲೆ ನಿಲ್ಲು, ಆಮೇಲೆ ನಿನ್ನ ತೂಕ ಕಳೆ.

ಸ್ವಿಂಗ್ ಅಂದೆ. ವಿಡಿಯೊ ನೋಡಿ ಮುಕ್ಕಾಲುವಾಸಿ ಜನ ಅದನ್ನು ಬಸ್ಕಿ ಮಾಡಿಬಿಡ್ತಾರೆ, ಮೇಲೆ ಬರುವಾಗ ಬೆಲ್ಲನ್ನು ಭುಜದಲ್ಲಿ ಎತ್ತುತ್ತಾರೆ. ಎರಡೂ ಅಲ್ಲ. ಎರಡು ಕೈಯಲ್ಲೂ ಸಾಮಾನಿದ್ದಾಗ ಕಾರಿನ ಬಾಗಿಲನ್ನು ಪಿರ್ರೆಯಿಂದ ದೂಡಿ ಮುಚ್ಚುತ್ತೀವಲ್ಲ, ಬೇಕಾಗಿರೋದು ಆ ಚಲನೆ. ಗೋಡೆಗೆ ಬೆನ್ನು ಹಾಕಿ ಒಂದು ಹೆಜ್ಜೆ ಮುಂದೆ ನಿಂತು, ಮಂಡಿ ಹೆಚ್ಚು ಮಡಚದೆ, ಬೆನ್ನು ನೆಟ್ಟಗಿಟ್ಟು ಪಿರ್ರೆಯಿಂದ ಗೋಡೆ ಮುಟ್ಟು. ಅದು ಬಂದ ಮೇಲೆ ಬೆಲ್ಲನ್ನು ಒಂದಡಿ ಮುಂದಿಟ್ಟು, ಬಾಗಿ ಹಿಡಿದು, ನಿನ್ನ ಕಡೆಗೆ ಓರೆ ಮಾಡಿ, ತೊಡೆಗಳ ನಡುವೆ ಹಿಂದಕ್ಕೆ ರಭಸವಾಗಿ ತಳ್ಳು. ಬೆಲ್ ಮಂಡಿಗಿಂತ ಮೇಲೇ ಹಾದುಹೋಗಬೇಕು. ಮಂಡಿಗಿಂತ ಕೆಳಗೆ ಹೋದರೆ ಭಾರ ನಡುವಿಗೆ ಬೀಳುತ್ತೆ. ಆಮೇಲೆ ಪಿರ್ರೆ ಬಿಗಿದು ಥಟ್ಟನೆ ನೆಟ್ಟಗೆ ನಿಲ್ಲು, ಉಸಿರನ್ನು ‘ಹ್ಸ್’ ಅಂತ ಬಿಡು. ಬೆಲ್ ತಾನಾಗಿ ಎದೆಮಟ್ಟಕ್ಕೆ ಬರುತ್ತೆ, ಒಂದು ಕ್ಷಣ ಭಾರವೇ ಇಲ್ಲದ ಹಾಗೆ ತೇಲುತ್ತೆ. ಅಲ್ಲಿ ಹಿಂದಕ್ಕೆ ವಾಲಬೇಡ. ಕೆಳಗೆ ಬರುವಾಗ ಅವಸರಪಟ್ಟು ಬಾಗಲೂಬೇಡ, ಮುಂಗೈ ಹೊಟ್ಟೆಯ ಹತ್ತಿರ ಬರೋವರೆಗೆ ಕಾದು ಆಮೇಲೆ ಬಾಗು.

ಸರಿ ಮಾಡ್ತಿದ್ದೀಯಾ ಅಂತ ತಿಳಿಯೋಕೆ ಒಂದು ಉಪಾಯ ಇದೆ. ಟವೆಲ್ಲನ್ನು ಹಿಡಿಕೆಯೊಳಗೆ ತೂರಿಸಿ, ಎರಡು ತುದಿಯೂ ಒಟ್ಟಿಗೆ ಸೇರಿಸಿ ಗಟ್ಟಿಯಾಗಿ ಹಿಡಿದು, ಹಗುರಾದ ಬೆಲ್ ಎಲ್ಲಾದರೂ ಸಿಕ್ಕರೆ ಅದರಲ್ಲಿ ಬೀಸಿ ನೋಡು. ಸೊಂಟ ಕೆಲಸ ಮಾಡ್ತಿದ್ದರೆ ತೋಳು, ಟವೆಲ್, ಬೆಲ್ ಒಂದೇ ಗೆರೆಯಲ್ಲಿರ್ತವೆ. ತೋಳಿನಿಂದ ಎತ್ತುತ್ತಿದ್ದರೆ ಬೆಲ್ ಕೆಳಗೆ ಜೋತುಬೀಳುತ್ತೆ.

ಮೊದಮೊದಲು ಇಷ್ಟು ಮಾಡು: ನಿಮಿಷ ಶುರುವಾದಾಗ ಹತ್ತು ಸ್ವಿಂಗ್, ಉಳಿದ ಹೊತ್ತು ವಿಶ್ರಾಂತಿ. ಐದು ನಿಮಿಷದಿಂದ ಆರಂಭಿಸಿ ನಿಧಾನಕ್ಕೆ ಹತ್ತಕ್ಕೆ ತಂದರೆ ನೂರು ಆಯ್ತು. ವಾರಕ್ಕೆ ಮೂರು ದಿನ. ಜೊತೆಗೆ ಬೆಲ್ಲನ್ನು ಎದೆಗೆ ಅವಚಿಕೊಂಡು ಗಾಬ್ಲೆಟ್ ಸ್ಕ್ವಾಟ್, ಇದು ಮಾತ್ರ ಬಸ್ಕಿಯೇ. ಮಲಗಿದಲ್ಲಿಂದ ಒಂದು ಕೈ ಮೇಲಕ್ಕೆ ಚಾಚಿಕೊಂಡೇ ಎದ್ದು ನಿಲ್ಲೋ ಗೆಟ್‌ಅಪ್ ಕಲಿಯುವಾಗ ಬೆಲ್ ಬೇಡ, ಮುಷ್ಟಿಯ ಮೇಲೆ ಒಂದು ಶೂ ಇಟ್ಟುಕೋ. ಅದು ಬೀಳದ ಹಾಗೆ ಎದ್ದು ನಿಂತು ಮತ್ತೆ ಮಲಗೋಕೆ ಬಂದ ಮೇಲೆ ಕಬ್ಬಿಣ ಹಿಡಿ. ಕ್ಲೀನ್ (ಬೆಲ್ಲನ್ನು ಎದೆಮಟ್ಟಕ್ಕೆ ತಂದು ಮುಂಗೈ ಮೇಲೆ ಕೂರಿಸೋದು), ಸ್ನ್ಯಾಚ್ ಎಲ್ಲ ಆಮೇಲೆ, ಆಗ ಮುಂಗೈಗೆ ಬೆಲ್ ಬಂದು ಬಡಿಯೋದರ ಬಗ್ಗೆ ಇನ್ನೊಂದು ಪತ್ರ ಬರೀತೀನಿ. ನಡುವಿನ ನೋವು ಈಗಲೂ ಇದ್ದರೆ, ಬಿ.ಪಿ. ಮಾತ್ರೆ ನುಂಗ್ತಿದ್ದರೆ, ಶುರು ಮಾಡೋ ಮೊದಲು ಡಾಕ್ಟರ್ ಹತ್ತಿರ ಹೋಗಿ ಬಾ. ಇದನ್ನು ಔಪಚಾರಿಕಕ್ಕೆ ಹೇಳ್ತಿಲ್ಲ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದ ಒತ್ತಡ ಸರ್ರನೆ ಏರುತ್ತೆ.

ಕೋಣೆಗೆ ಬೇಕಾಗಿದ್ದು ಕಮ್ಮಿ. 10 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಇರೋ ಗಟ್ಟಿ ರಬ್ಬರ್ ಮ್ಯಾಟ್ ಹಾಸು. ಮೆತ್ತನೆ ಫೋಮ್ ಮೇಲೆ ಕಾಲು ಊರಲ್ಲ. ಬರಿಗಾಲಲ್ಲೇ ಮಾಡು, ಇಲ್ಲವಾದರೆ ಚಪ್ಪಟೆ ಅಡಿಯ ಶೂ ಹಾಕು, ಓಡೋ ಶೂ ಬೇಡ. ಕೈ ಮೇಲೆತ್ತಿ ನಿಂತು ಮುಷ್ಟಿಯಿಂದ ಸೀಲಿಂಗಿಗೆ ಇನ್ನೂ ಒಂದಡಿಯಾದರೂ ಉಳಿಯುತ್ತಾ ನೋಡು, ಫ್ಯಾನ್ ಎಲ್ಲಿದೆ ಅಂತಲೂ. ನಿನ್ನ ಎದುರಿಗೆ ಟಿ.ವಿ., ಗಾಜಿನ ಬಾಗಿಲು, ಮಗು, ನಾಯಿ ಯಾವುದೂ ಇರಬಾರದು. ಬೆಲ್ ಕೈ ತಪ್ಪಿದರೆ ಹಿಡಿಯೋಕೆ ಹೋಗದೆ ಬಿಟ್ಟು ಸರಿದುಬಿಡು. ಮ್ಯಾಟ್ ಹೋದರೆ ಹೋಗಲಿ.

ಇನ್ನೂ ದುಡ್ಡು ಉಳಿದಿದ್ದರೆ ಬಾಗಿಲ ಚೌಕಟ್ಟಿಗೆ ಹಾಕೋ ಪುಲ್‌ಅಪ್ ಬಾರ್ ತಗೋ. ತಲೆ ಮೇಲಿಂದ ಕೆಳಕ್ಕೆ ಎಳೆಯೋ ಕೆಲಸ ಕೆಟಲ್‌ಬೆಲ್‌ನಲ್ಲಿ ಇಲ್ಲ, ಆ ಕೊರತೆ ಅದು ತುಂಬುತ್ತೆ. ನೆಲದ ಮೇಲೆ ದಂಡ ಹೊಡಿ, ಬೆಂಚು ಯಾಕೆ? ಹೆಬ್ಬಂಡೆ ಥರ ಮೈ ಬೆಳೆಸಬೇಕು, ನೂರೈವತ್ತು ಕೆಜಿ ಎತ್ತಬೇಕು ಅಂತಿದ್ದರೆ ಮಾತ್ರ ಇದೆಲ್ಲ ಬಿಟ್ಟು ಬಾರ್‌ಬೆಲ್ ಕಡೆ ಹೋಗು. ಕೆಟಲ್‌ಬೆಲ್ ಆ ಕೆಲಸಕ್ಕೆ ಸಾಲದು. ದಿನವಿಡೀ ಕುರ್ಚಿಯಲ್ಲಿ ಕೂರೋ ನಿನ್ನ ಸೊಂಟಕ್ಕೆ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡೋ ನಿನ್ನ ಎದೆಗೆ ಇದು ಸಾಕು.

ಆರ್ಡರ್ ಮಾಡೋ ಮೊದಲು ಹಿಡಿಕೆಯ ದಪ್ಪ ಎಷ್ಟು ಅಂತ ಕೇಳಿ ನನಗೆ ತಿಳಿಸು. ಹೇಳೋಕೆ ತಡಬಡಾಯಿಸೋರ ಹತ್ತಿರ ತಗೋಬೇಡ. ಮೊದಲ ವಾರದ ಸ್ವಿಂಗ್ ವಿಡಿಯೊ ಮಾಡಿ ಕಳಿಸು, ಫೋನನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇಡು. ಎದುರಿಂದ ತೆಗೆದರೆ ನಿನ್ನ ಮುಖ ಕಾಣುತ್ತೆ, ಬೆನ್ನು ಕಾಣಲ್ಲ.

ಇಂತಿ,
ನಿನ್ನ ಗೆಳೆಯ