ಅವಳಿಗೆ ಸಬೂಬು ಬೇಡ

ಪ್ರೀತಿಯ ಮಗೂ,

ನಿನ್ನ ಹಸ್ತಪ್ರತಿಯನ್ನು ನಿದ್ದೆಗೆಟ್ಟು ಓದಿ ಮುಗಿಸಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರು ಯಾರು ಸಿಕ್ಕಾರು ಎಂದೆಲ್ಲ ಕೇಳಿದ್ದೀಯೆ. ಅದನ್ನು ಹೇಳಿಕೊಡುವವರು ಊರು ತುಂಬ ಇದ್ದಾರೆ. ನಾನು ಮಾತಾಡಬೇಕಾದದ್ದು ನಿನ್ನ ಕಾದಂಬರಿಯ ಆ ದೊಡ್ಡ ಸೊಸೆಯ ಬಗ್ಗೆ.

ಜ್ವರದಲ್ಲಿ ಮಲಗಿದ ಮಾವನ ಹೆಬ್ಬೆರಳು ಹಿಡಿದು ಜಮೀನಿನ ಪತ್ರಕ್ಕೆ ಒತ್ತಿಸಿಕೊಳ್ಳುತ್ತಾಳೆ. ಆಮೇಲೆ ಆ ಬೆರಳಿನ ಶಾಯಿಯನ್ನು ತನ್ನ ಸೆರಗಿನಿಂದಲೇ ಒರೆಸಿ ಗಂಜಿ ಕುಡಿಸುತ್ತಾಳೆ. ಉಪ್ಪು ಸಾಕೇ ಎಂದು ಬೇರೆ ಕೇಳುತ್ತಾಳೆ! ಓದಿ ಹೊಟ್ಟೆಕಿಚ್ಚಾಯಿತು. ಮುಂದಿನ ಅಧ್ಯಾಯದಲ್ಲೇ ನೀನು ಹೆದರಿಬಿಟ್ಟೆ. ಅವಳ ಅಪ್ಪ ಕುಡುಕ, ಮಲತಾಯಿ ಬರೆ ಹಾಕಿದ್ದಳು, ಅದಕ್ಕೇ ಹೀಗಾದಳಂತೆ. ಯಾರು ಕೇಳಿದರು ನಿನ್ನನ್ನು? ಜಮೀನು ನುಂಗುವ ಗಂಡಸನ್ನು ಬರೆಯುವಾಗ ಅವನ ಬಾಲ್ಯವನ್ನು ಯಾರೂ ಕೆದಕುವುದಿಲ್ಲ. ಅವನಿಗೆ ಜಮೀನು ಬೇಕಿತ್ತು, ಅಷ್ಟೇ. ಹೆಂಗಸಿಗೂ ಬೇಕಿರಬಾರದೇ?

ಜನ್ನನ ‘ಯಶೋಧರ ಚರಿತೆ’ಯನ್ನು ಮತ್ತೆ ಓದು. 1209ರ ಕಾವ್ಯ. ಅಮೃತಮತಿಗೆ ಏನು ಕೊರತೆ? ರಾಣಿ, ಗಂಡನಿಗೆ ಅವಳೆಂದರೆ ಪ್ರಾಣ. ರಾತ್ರಿ ಆನೆಯ ಲಾಯದಿಂದ ಹಾಡೊಂದು ಕೇಳಿಬರುತ್ತದೆ, ಮನಸ್ಸು ಹೊರಟುಹೋಗುತ್ತದೆ. ಹಾಡಿದವನು ಎಂಥ ಕುರೂಪಿ ಎಂದು ದೂತಿ ಹೇಸಿಕೊಂಡು ಹೇಳಿದರೆ, ಒಲವಾದ ಮೇಲೆ ರೂಪದ ಗೊಡವೆ ಏಕೆ ಎನ್ನುತ್ತಾಳೆ. ತಡವಾಗಿ ಬಂದಳೆಂದು ಆ ಮಾವುತ ಹೊಡೆದರೆ ಹೊಡೆಸಿಕೊಳ್ಳುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಜನ್ನನೋ ಜೈನ ಕವಿ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಹಿಂಸೆಯೇ ಎಂದು ಸಾರಲು ಹೊರಟವನು. ಅವಳ ಪಾಪವನ್ನು ಪಾಪವೆಂದೇ ಕರೆಯುತ್ತಾನೆ. ಆದರೂ ಅವಳು ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲ, ಗಂಡ ಕೆಟ್ಟವನಿದ್ದ ಎಂಬ ಸಬೂಬನ್ನೂ ಹುಡುಕುವುದಿಲ್ಲ.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಗೆ ಭರತನ ಮೇಲಿನ ಮಮತೆ ಕೊಟ್ಟರಲ್ಲ ಎಂದು ನೀನು ವಾದಿಸುತ್ತೀಯೆ, ಗೊತ್ತು. ಕೊಟ್ಟರು. ಆ ಮಮತೆಯೇ ಕೇಡಿಗೆ ಕೈಹಾಕಿತು, ಅದು ಅವರ ದೊಡ್ಡತನ. ಅನಂತರದವರು ಕೇಡಿಯನ್ನು ತೊಳೆದು ಒಣಹಾಕುವುದನ್ನಷ್ಟೇ ಕಲಿತರು.

ವಾರಪತ್ರಿಕೆಯ ಸಂಪಾದಕರೊಬ್ಬರು ನನ್ನ ಕಾದಂಬರಿಯ ಕೇಡಿ ಹೆಂಗಸಿನಿಂದ ಕೊನೆಯ ಕಂತಿನಲ್ಲಿ ಪಶ್ಚಾತ್ತಾಪ ಪಡಿಸಿ ಎಂದರು. ಒಪ್ಪಲಿಲ್ಲ. ತಾವೇ ನಾಲ್ಕು ಸಾಲು ಕಣ್ಣೀರು ಸೇರಿಸಿ ಅಚ್ಚು ಹಾಕಿದರು. ಅವರು ತೀರಿಕೊಂಡು ವರ್ಷಗಳಾದವು, ನನ್ನ ಸಿಟ್ಟು ತೀರಿಲ್ಲ.

ಹೆಣ್ಣಾಗಿ ಹೆಣ್ಣನ್ನೇ ಹಳಿಯುತ್ತಾಳೆ ಎಂದಾರು ಎಂಬ ನಿನ್ನ ಅಂಜಿಕೆಗೆ ನನ್ನಲ್ಲಿ ಮದ್ದಿಲ್ಲ. ಅಂದೇ ಅನ್ನುತ್ತಾರೆ, ಸಂಜೆಯಾದರೆ ಮೈತುಂಬ ಒಡವೆ ಹೇರಿಕೊಂಡು ಹುಬ್ಬು ಹಾರಿಸುವ ಧಾರಾವಾಹಿಯ ಅತ್ತೆಯನ್ನು ನೋಡುತ್ತಾ ಕೂರುವವರೇ.

ಆ ಮಲತಾಯಿಯ ಅಧ್ಯಾಯವನ್ನು ಕಿತ್ತುಹಾಕು. ಮಾವ ಸತ್ತಾಗ ಅವಳು ಅಳುವ ಪುಟ ಇರಲಿ. ಅದು ನಿಜವಾದ ಅಳುವೇ. ಕೊನೆಯಲ್ಲಿ ಬಾವಿಗೆ ಬೀಳಿಸಿದ್ದೀಯಲ್ಲ, ಮೇಲೆತ್ತು ಅವಳನ್ನು. ಖಾತೆ ಅವಳ ಹೆಸರಿಗಾಗಲಿ, ಮಳೆ ಬಿದ್ದ ಮೇಲೆ ರಾಗಿ ಬಿತ್ತಿಸಲಿ. ತಿದ್ದಿ ಬೇಗ ಕಳಿಸು. ಈ ಸಲ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.