ಕತ್ತಲು ಬಳಿದ ಮಾತ್ರಕ್ಕೆ ಚಿತ್ರ ‘ಮೂಡಿ’ ಆಗದು

ಮಾನ್ಯ ಸಂಪಾದಕರೇ,

ನಗರದ ಫೋಟೊಗಳಿಗೆ ‘ಮೂಡಿ’ (moody), ಅಂದರೆ ಕತ್ತಲೂ ಭಾವವೂ ತುಂಬಿದ ನೋಟ ಕೊಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಟಿಪ್ಪಣಿಗೆ ಈ ಪ್ರತಿಕ್ರಿಯೆ. ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕು) ಇಳಿಸಿ, ಡಿಹೇಜ್ (ಮಂಜು ಕಳೆಯುವ ಸ್ಲೈಡರ್) 60ಕ್ಕೆ ಏರಿಸಿ, ಸಿಕ್ಕಿದ ಒಂದು ಪ್ರಿಸೆಟ್ (ಸಿದ್ಧ ಹೊಂದಾಣಿಕೆ) ಹಾಕಿ ಎಂದು ಮೂರೇ ಸಾಲಿನಲ್ಲಿ ಅದು ಮುಗಿದಿತ್ತು. ಆ ಮೂರನ್ನೂ ಮಾಡಿದರೆ ಸಿಗುವುದು ಮಸಿ ಮೆತ್ತಿದ ಕಟ್ಟಡಗಳು, ಅವುಗಳ ಅಂಚಿಗೊಂದು ಬಿಳಿ ಗೆರೆ, ಮೇಲೆ ಚುಕ್ಕೆ ಚುಕ್ಕೆಯಾದ ಆಕಾಶ. ಇಂಗ್ಲಿಷಿನ ಈ ಪದ ನಮ್ಮ ‘ಮೂಡು’ ಎಂಬ ಕ್ರಿಯಾಪದದಂತೆ ಕಿವಿಗೆ ಬೀಳುತ್ತದೆ. ಅದು ಬರೀ ಕಾಕತಾಳೀಯ, ಆದರೂ ಕೆಲಸಕ್ಕೆ ಬರುವಂಥದ್ದು. ಇಂಥ ಚಿತ್ರದಲ್ಲಿ ಒಂದು ದೀಪವೋ ಒಂದು ಕಿಟಕಿಯೋ ಒದ್ದೆ ರಸ್ತೆಯ ಒಂದು ಪಟ್ಟೆಯೋ ಕತ್ತಲೊಳಗಿಂದ ಮೂಡಿ ಬರಬೇಕು. ಎಲ್ಲವನ್ನೂ ಸಮನಾಗಿ ಕಪ್ಪಾಗಿಸಿದರೆ ಮೂಡುವುದಕ್ಕೆ ಏನೂ ಉಳಿಯುವುದಿಲ್ಲ.

ಮೊದಲ ಮಾತು ಫೋಟೊದ ಆಯ್ಕೆಯದು. ನಡು ಮಧ್ಯಾಹ್ನ ತೆಗೆದ ಚಿತ್ರವನ್ನು ಎಷ್ಟು ಕಪ್ಪಾಗಿಸಿದರೂ ಅದು ಮುಸ್ಸಂಜೆಯಾಗುವುದಿಲ್ಲ. ನೆರಳುಗಳು ಕಾಲಬುಡದಲ್ಲೇ ಗಟ್ಟಿಯಾಗಿ ಬಿದ್ದಿರುತ್ತವೆ, ಕಿಟಕಿಗಳಲ್ಲಿ ದೀಪ ಉರಿಯುತ್ತಿರುವುದಿಲ್ಲ. ನೋಡುವವರು ಕಾರಣ ಹೇಳಲಾರರು, ಆದರೆ ಏನೋ ಸುಳ್ಳಿದೆ ಎಂದು ಅವರಿಗೆ ತಿಳಿಯುತ್ತದೆ. ಸೂರ್ಯ ಮುಳುಗಿ ಸುಮಾರು 15ರಿಂದ 30 ನಿಮಿಷದ ಒಳಗೆ ಆಕಾಶದ ಬೆಳಕೂ ಬೀದಿದೀಪದ ಬೆಳಕೂ ಸರಿಸಮ ತೂಕಕ್ಕೆ ಬರುತ್ತವೆ. ಆ ಹೊತ್ತಿನ ಚಿತ್ರಕ್ಕೆ ಎಡಿಟಿಂಗ್‌ನಲ್ಲಿ ಮಾಡಬೇಕಾದ ಕೆಲಸ ಅರ್ಧದಷ್ಟೇ. ಮಳೆ ನಿಂತ ಮೇಲಿನ ರಸ್ತೆ, ಮಂಜು, ಮೋಡ ಕವಿದ ಬೆಳಗು ಇವೂ ಆಗಬಹುದು.

ಚಿತ್ರವನ್ನು ರಾ ಫೈಲಿನಲ್ಲೇ, ಅಂದರೆ ಸೆನ್ಸರು ಕಂಡದ್ದನ್ನು ಸಂಸ್ಕರಿಸದೆ ಇಡುವ ಫೈಲಿನಲ್ಲೇ ತೆಗೆಯಬೇಕು ಎನ್ನುವುದಕ್ಕೆ ಕಾರಣವಿದೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ಆಕಾಶದ ನೀಲಿ ಮೇಲಿನಿಂದ ಕೆಳಕ್ಕೆ ನಯವಾಗಿ ಇಳಿಯುವ ಕಡೆ 256 ಮೆಟ್ಟಿಲುಗಳನ್ನು ಎಳೆದಾಡಿದರೆ ನಡುವೆ ಬಿರುಕು ಬಿಟ್ಟು ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಗಮನಿಸುವುದಿಲ್ಲ. ಆ 16,384ರಲ್ಲಿ ಅರ್ಧ, ಅಂದರೆ 8,192 ಮೆಟ್ಟಿಲುಗಳು, ಅತಿ ಬೆಳಕಿನ ಒಂದೇ ಸ್ಟಾಪಿಗೆ (ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಒಂದು ಹಂತ) ಹೋಗುತ್ತವೆ. ಅದರ ಕೆಳಗಿನ ಸ್ಟಾಪಿಗೆ ಉಳಿದುದರ ಅರ್ಧ, ಹೀಗೆ ಇಳಿಯುತ್ತಾ ಕಡುಗತ್ತಲಿಗೆ ಸಿಗುವುದು ಬೆರಳೆಣಿಕೆಯಷ್ಟು. ಹಾಗಾಗಿ ‘ಹೇಗೂ ಕಪ್ಪು ಚಿತ್ರ ತಾನೇ’ ಎಂದು ಕ್ಯಾಮೆರಾದಲ್ಲೇ ಎರಡು ಸ್ಟಾಪ್ ಇಳಿಸಿ ತೆಗೆಯುವುದು ತಪ್ಪು. ದೀಪದ ಸುತ್ತಲಿನ ಪ್ರಭೆ ಸುಟ್ಟುಹೋಗದಷ್ಟು, ಹೆಚ್ಚೆಂದರೆ ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪ್ ಇಳಿಸಿದರೆ ಸಾಕು. ದೀಪದ ನಟ್ಟನಡುವೆ ಬಿಳಿ ಸುಟ್ಟರೆ ಚಿಂತೆಯಿಲ್ಲ. ಉಳಿದದ್ದನ್ನು ಆಮೇಲೆ ಕಪ್ಪಾಗಿಸಿದರೆ ಶುದ್ಧವಾದ ಕಪ್ಪು ಬರುತ್ತದೆ. ಕತ್ತಲಲ್ಲಿ ತೆಗೆದು ಆಮೇಲೆ ಎತ್ತಿದರೆ ಬರುವುದು ಮರಳು ಸುರಿದಂಥ ನಾಯ್ಸ್.

ಮುಂದೆ ಕೊಡುವ ಅಂಕಿಗಳು ಲೈಟ್‌ರೂಮ್ ಎಂಬ ಫೋಟೊ ತಿದ್ದುವ ತಂತ್ರಾಂಶದ ಸ್ಲೈಡರುಗಳವು. ಬೇರೆ ಆ್ಯಪ್‌ಗಳಲ್ಲಿ ಹೆಸರೂ ಅಳತೆಯೂ ಬದಲಾಗುತ್ತವೆ, ತರ್ಕ ಅದೇ. ಬಣ್ಣಕ್ಕೆ ಕೈ ಹಾಕುವ ಮೊದಲು ಲೆನ್ಸ್ ತಿದ್ದುಪಡಿ ಮಾಡಿ, ಕಟ್ಟಡಗಳ ಲಂಬರೇಖೆಗಳನ್ನು ನೆಟ್ಟಗಾಗಿಸಿಕೊಳ್ಳಬೇಕು. ಕ್ಯಾಮೆರಾ ಮೇಲಕ್ಕೆ ಎತ್ತಿ ತೆಗೆದ ಚಿತ್ರದಲ್ಲಿ ಕಟ್ಟಡಗಳು ಹಿಂದಕ್ಕೆ ವಾಲಿರುತ್ತವೆ. ನೆಟ್ಟಗಾಗಿಸುವಾಗ ಅಂಚುಗಳು ಕತ್ತರಿಸಿಹೋಗುತ್ತವೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು. ಕೊನೆಯಲ್ಲಿ ನೆಟ್ಟಗೆ ಮಾಡಿದರಾಯಿತು ಎಂದು ಬಿಟ್ಟವರು, ಎಚ್ಚರಿಕೆಯಿಂದ ಬೆಳಗಿಸಿದ ಮೂಲೆಯೇ ಕತ್ತರಿಗೆ ಸಿಕ್ಕಿದಾಗ ಪೇಚಾಡುತ್ತಾರೆ.

ವೈಟ್ ಬ್ಯಾಲೆನ್ಸ್ (ಚಿತ್ರದ ಬಿಸಿ-ತಂಪು ಬಣ್ಣಗಳ ಹೊಂದಿಕೆ) 4,200ರಿಂದ 4,800 ಕೆಲ್ವಿನ್ ನಡುವೆ ಇಟ್ಟರೆ ಸಂಜೆಯ ಚಿತ್ರ ತಣ್ಣಗಿನ ನೀಲಿಗೆ ತಿರುಗುತ್ತದೆ, ದೀಪಗಳ ಬಿಸುಪೂ ಉಳಿಯುತ್ತದೆ. ಇನ್ನೂ ಇಳಿಸಿದರೆ ದೀಪವೂ ಬೆಳ್ಳಗಾಗಿ ಬಿಸಿ-ತಂಪಿನ ಎದುರಾಟವೇ ಹೋಗಿಬಿಡುತ್ತದೆ. ಹಳೆಯ ಸೋಡಿಯಂ ದೀಪ ಇರುವ ಬೀದಿಗಳ ಕಥೆ ಬೇರೆ. ಆ ದೀಪದ ಬೆಳಕು ಸುಮಾರು 2,000 ಕೆಲ್ವಿನ್‌ನದು (ಬೆಳಕಿಗೆ ಈ ಅಂಕಿ ಕಡಿಮೆಯಾದಷ್ಟೂ ಅದು ಕಿತ್ತಳೆ), ಅದರ ಹೆಚ್ಚಿನ ಭಾಗ ಹಳದಿ-ಕಿತ್ತಳೆಯ ಒಂದು ಇಕ್ಕಟ್ಟಿನ ಪಟ್ಟಿಯಲ್ಲೇ ಇರುತ್ತದೆ. ಅದರಲ್ಲಿಲ್ಲದ ಬಣ್ಣಗಳನ್ನು ಯಾವ ಸ್ಲೈಡರೂ ಹುಟ್ಟಿಸಲಾರದು. ಅದನ್ನು ಬಿಳಿ ಮಾಡಲು ಹೆಣಗುವ ಬದಲು ಕಿತ್ತಳೆಯಾಗಿಯೇ ಬಿಟ್ಟು, ಆ ಬಣ್ಣದ ಸ್ಯಾಚುರೇಷನ್ (ಗಾಢತೆ) 15ರಿಂದ 25ರಷ್ಟು ಇಳಿಸಬೇಕು.

ಇನ್ನು ಬೆಳಕು. ಎಕ್ಸ್‌ಪೋಷರ್ -0.3ರಿಂದ -0.7. ಹೈಲೈಟ್ಸ್ (ಬೆಳಕಿನ ಭಾಗಗಳು) -60ರಷ್ಟು ಇಳಿಸಿದರೆ ಮೋಡದ ಪದರಗಳು ಮರಳುತ್ತವೆ. ಆದರೆ ಅಷ್ಟಕ್ಕೇ ನಿಂತರೆ ಚಿತ್ರ ತೊಳೆದಿಟ್ಟ ಸ್ಲೇಟಿನಂತೆ ಕಾಣುತ್ತದೆ. ಅದಕ್ಕೆ ವೈಟ್ಸ್ (ಅತಿ ಬಿಳಿಯ ತುದಿ) +10ರಿಂದ +20 ಏರಿಸಬೇಕು. ಕತ್ತಲೆಯ ಚಿತ್ರದಲ್ಲೂ ಎಲ್ಲೋ ಒಂದು ಕಡೆ ನಿಜವಾದ ಬಿಳಿ ಇದ್ದರೇನೇ ಉಳಿದದ್ದು ಕತ್ತಲೆನಿಸುವುದು. ಕಣ್ಣಿಗೆ ಹೋಲಿಸಲು ಏನೂ ಸಿಗದಿದ್ದರೆ ಅದು ಕಪ್ಪನ್ನು ಮಂಕು ಎಂದೇ ಓದುತ್ತದೆ. ಬ್ಲ್ಯಾಕ್ಸ್ (ಅತಿ ಕಪ್ಪಿನ ತುದಿ) ಇಳಿಸುವಾಗ ಆಲ್ಟ್ ಕೀ ಒತ್ತಿ ಹಿಡಿದರೆ ವಿವರ ಕಳೆದುಕೊಂಡ ಜಾಗಗಳು ಪರದೆಯ ಮೇಲೆ ಕಾಣುತ್ತವೆ. ಬಾಗಿಲ ಸಂದಿ, ವಾಹನಗಳ ಅಡಿ ಇಂಥ ಚಿಕ್ಕ ತುಣುಕುಗಳಷ್ಟೇ ಕಾಣುವ ಹಂತಕ್ಕೆ ನಿಲ್ಲಿಸಬೇಕು. ಇಡೀ ಗೋಡೆ ಕಾಣತೊಡಗಿದರೆ ಮಿತಿ ಮೀರಿದ್ದೀರಿ.

ಕರ್ವ್‌ನಲ್ಲಿ (0 ಎಂಬ ಕಪ್ಪಿನಿಂದ 255 ಎಂಬ ಬಿಳಿಯವರೆಗೆ ಬೆಳಕನ್ನು ತಿದ್ದುವ ಗೆರೆ) ಎಡಗಡೆಯ ತಳದ ಬಿಂದುವನ್ನು 0ಯಿಂದ 12ರವರೆಗೆ ಎತ್ತಿ, 64ರ ಹತ್ತಿರದ ಬಿಂದುವನ್ನು 52ಕ್ಕೆ ಇಳಿಸಿ, 192ರದ್ದನ್ನು 198ಕ್ಕೆ ಏರಿಸುವುದು ಒಳ್ಳೆಯ ಆರಂಭ. ಬ್ಲ್ಯಾಕ್ಸ್ ಇಳಿಸಿ ಕರ್ವ್‌ನಲ್ಲಿ ಮತ್ತೆ ಎತ್ತುವುದು ಎಡಬಿಡಂಗಿ ಕೆಲಸದಂತೆ ಕಂಡೀತು. ಹಾಗಲ್ಲ. ಮೊದಲನೆಯದು ಕತ್ತಲಿನ ಭಾಗಗಳನ್ನು ಒತ್ತಟ್ಟಿಗೆ ತರುತ್ತದೆ, ಎರಡನೆಯದು ಆ ಭಾಗಗಳಿಗೆಲ್ಲ ಒಂದು ತೆಳು ಹೊಗೆಯ ಮೃದುತ್ವ ಕೊಡುತ್ತದೆ. ತಳದ ಬಿಂದು 25 ದಾಟಿತೆಂದರೆ ಚಿತ್ರಕ್ಕೆ ಬೂದಿ ಬಡಿಯುತ್ತದೆ. ಮಾರಾಟಕ್ಕಿರುವ ಪ್ರಿಸೆಟ್‌ಗಳಲ್ಲಿ ಎಷ್ಟೋ ಹಾಳಾಗುವುದು ಇಲ್ಲೇ.

ಟಿಪ್ಪಣಿಯಲ್ಲಿ ಹೊಗಳಿದ್ದ ಡಿಹೇಜ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅದು ಅಕ್ಕಪಕ್ಕದ ಭಾಗಗಳ ನಡುವಿನ ಅಂತರ ಹಿಗ್ಗಿಸುತ್ತದೆ, ಜೊತೆಗೆ ಚಿತ್ರವನ್ನು ಕಪ್ಪಾಗಿಸಿ ಬಣ್ಣವನ್ನೂ ಗಾಢ ಮಾಡುತ್ತದೆ. ಕಪ್ಪು ಕಟ್ಟಡ ಬೆಳ್ಳನೆಯ ಆಕಾಶಕ್ಕೆ ತಾಗುವ ಗೆರೆಯಲ್ಲಿ ಈ ಹಿಗ್ಗಿಸುವಿಕೆ ಎರಡೂ ಕಡೆಗೆ ಸೋರುತ್ತದೆ. ಕಟ್ಟಡದ ಸುತ್ತ ಕಾಣುವ ಬೆಳಕಿನ ಬಳೆ ಅದೇ. ಕ್ಲಾರಿಟಿಯೂ ಮೊಬೈಲ್ ಆ್ಯಪ್‌ಗಳ ಸ್ಟ್ರಕ್ಚರ್ ಕೂಡ ಇದೇ ಜಾತಿಗೆ ಸೇರಿದವು. ಸೆನ್ಸರಿನ ಮೇಲಿನ ಧೂಳಿನ ಕಲೆಗಳು ಅಷ್ಟು ಹೊತ್ತು ಕಾಣದೆ ಇದ್ದು, ಡಿಹೇಜ್ ಎಳೆದ ಕೂಡಲೇ ಆಕಾಶದಲ್ಲಿ ಬೂದು ಬೊಟ್ಟುಗಳಾಗಿ ಹೊರಬರುತ್ತವೆ. ಇಡೀ ಚಿತ್ರಕ್ಕೆ +10ರಿಂದ +15ರ ಆಚೆ ಹೋಗಬಾರದು. ನಿಜವಾದ ಉಪಯೋಗ ಇರುವುದು ಅದನ್ನು ಉಲ್ಟಾ ಎಳೆಯುವುದರಲ್ಲಿ. ದೂರದ ಕಟ್ಟಡಗಳನ್ನಷ್ಟೇ ಮಾಸ್ಕ್ ಮಾಡಿ (ಆ ಭಾಗವನ್ನು ಮಾತ್ರ ಆಯ್ದು) ಡಿಹೇಜ್ -10ರಿಂದ -20 ಕೊಟ್ಟರೆ ಅವು ಮಂಜಿನೊಳಕ್ಕೆ ಸರಿಯುತ್ತವೆ, ಹತ್ತಿರದ ಕಟ್ಟಡ ತಾನಾಗಿ ಮುಂದೆ ಬರುತ್ತದೆ. ನಗರದ ಚಿತ್ರಕ್ಕೆ ಆಳ ಬರುವುದು ಹೀಗೆ. ಎಲ್ಲ ದೂರಗಳನ್ನೂ ಒಂದೇ ಹರಿತಕ್ಕೆ ತಂದರೆ ಇಡೀ ನಗರ ಒಂದೇ ಪರದೆಗೆ ಅಂಟಿಸಿದಂತಿರುತ್ತದೆ.

ಬಣ್ಣಗಳಲ್ಲಿ ಜಾಹೀರಾತು ಫಲಕಗಳ ಕೆಂಪು-ಹಸಿರು, ಮರಗಳ ಹಸಿರು ಇವೇ ಮೊದಲ ಶತ್ರುಗಳು. ಹಸಿರಿನ ಸ್ಯಾಚುರೇಷನ್ -40ರವರೆಗೆ ಇಳಿಸಿ, ಹ್ಯೂವನ್ನು (ಬಣ್ಣದ ಛಾಯೆಯನ್ನು) ತುಸು ಹಳದಿಯ ಕಡೆ ತಳ್ಳಿದರೆ ಮರಗಳು ಹಿನ್ನೆಲೆಗೆ ಸರಿಯುತ್ತವೆ. ನೀಲಿಯ ಹ್ಯೂ -10ರಷ್ಟು ಎಡಕ್ಕೆ ಬಂದರೆ ಪಚ್ಚೆನೀಲಿ ಸಿಗುತ್ತದೆ. ನೀಲಿಯ ಲ್ಯೂಮಿನನ್ಸ್ (ಬೆಳಕಿನ ಮಟ್ಟ) ಇಳಿಸಿ ಆಕಾಶವನ್ನು ಕಪ್ಪಾಗಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ, -20 ದಾಟಿದ ಮೇಲೆ ಅದರ ಬೆಲೆ ತೆರಬೇಕಾಗುತ್ತದೆ: ಆಕಾಶದಲ್ಲಿ ನಾಯ್ಸ್, ಕಟ್ಟಡದ ಅಂಚಿನಲ್ಲಿ ನೀಲಿಯಲ್ಲದ ಒಂದು ಸಣ್ಣ ಗೀಟು. ಚಿತ್ರದಲ್ಲಿ ಜನರಿದ್ದರೆ ಕಿತ್ತಳೆಯ ಹ್ಯೂ ಮುಟ್ಟುವಾಗ ಎಚ್ಚರ ಬೇಕು, ಚರ್ಮದ ಬಣ್ಣ ಎಲ್ಲ ಛಾಯೆಯಲ್ಲೂ ಅಲ್ಲೇ ಇರುತ್ತದೆ. ಕಲರ್ ಗ್ರೇಡಿಂಗ್‌ನಲ್ಲಿ (ಕತ್ತಲಿಗೂ ಬೆಳಕಿಗೂ ಬೇರೆ ಬೇರೆ ಬಣ್ಣ ಬೆರೆಸುವಲ್ಲಿ) ಶ್ಯಾಡೋಸ್‌ಗೆ, ಅಂದರೆ ಕತ್ತಲ ಭಾಗಗಳಿಗೆ, ಹ್ಯೂ 215 (ನೀಲಿ), ಸ್ಯಾಚುರೇಷನ್ 10ರಿಂದ 15. ಹೈಲೈಟ್ಸ್‌ಗೆ ಹ್ಯೂ 40 (ಹಳದಿ-ಕಿತ್ತಳೆ), ಸ್ಯಾಚುರೇಷನ್ 8ರಿಂದ 10. ಇವೆರಡೂ ಬಣ್ಣಚಕ್ರದಲ್ಲಿ ಹೆಚ್ಚುಕಡಿಮೆ ಎದುರುಬದುರು, ಒಂದು ಇನ್ನೊಂದನ್ನು ಎತ್ತಿಕೊಡುತ್ತದೆ. ಸ್ಯಾಚುರೇಷನ್ 25ಕ್ಕೆ ಹೋದರೆ ಮಾತ್ರ ಸಿನಿಮಾ ಪೋಸ್ಟರ್.

ಇಷ್ಟೂ ಕೆಲಸ ಬರೀ ಹದ ಮಾಡಿದಂತೆ. ಚಿತ್ರಕ್ಕೆ ಜೀವ ಬರುವುದು ಮಾಸ್ಕ್‌ಗಳಲ್ಲಿ, ಆದ್ದರಿಂದ ಸಮಯವನ್ನು ಇಲ್ಲಿಗೆ ಉಳಿಸಿಕೊಳ್ಳಬೇಕು. ಕಣ್ಣು ಮೊದಲು ಹೋಗಬೇಕಾದ ಜಾಗ ಯಾವುದೆಂದು ತೀರ್ಮಾನಿಸಿ. ಒಂದೇ ಜಾಗ, ಎರಡಲ್ಲ. ಆಕಾಶಕ್ಕೆ ಲೀನಿಯರ್ ಗ್ರೇಡಿಯೆಂಟ್ (ಒಂದು ಬದಿಯಿಂದ ಕ್ರಮೇಣ ತೆಳುವಾಗುವ ಮಾಸ್ಕ್) ಹಾಕಿ -0.5ರಿಂದ -0.8 ಇಳಿಸುವಾಗ ಅದು ಕಟ್ಟಡಗಳ ತಲೆಯ ಮೇಲೂ ಬಿದ್ದು, ಮೇಲಿನ ಮಹಡಿಗಳು ಕಾರಣವಿಲ್ಲದೆ ಕಪ್ಪಾಗುತ್ತವೆ. ಗ್ರೇಡಿಯೆಂಟನ್ನು ಆಕಾಶದ ಆಯ್ಕೆಯೊಂದಿಗೆ ಇಂಟರ್‌ಸೆಕ್ಟ್ ಮಾಡಿದರೆ, ಅಂದರೆ ಎರಡೂ ಸೇರುವ ಜಾಗಕ್ಕಷ್ಟೇ ಮಿತಗೊಳಿಸಿದರೆ, ಈ ತೊಂದರೆ ತಪ್ಪುತ್ತದೆ. ಕೆಳಗಿನ ರಸ್ತೆಗೂ ಇನ್ನೊಂದು ಗ್ರೇಡಿಯೆಂಟ್ ಬೇಕು, ಆದರೆ ರಸ್ತೆ ಒದ್ದೆಯಾಗಿ ಬೆಳಕನ್ನು ಪ್ರತಿಫಲಿಸುತ್ತಿದ್ದರೆ ಆ ಪಟ್ಟೆಯನ್ನು ಬ್ರಶ್‌ನಿಂದ ಹೊರಗಿಡಿ. ದೀಪಕ್ಕೆ ರೇಡಿಯಲ್ (ದುಂಡನೆಯ) ಮಾಸ್ಕ್, ಫೆದರ್ (ಅಂಚಿನ ಮೃದುತ್ವ) ಪೂರ್ತಿ: ಎಕ್ಸ್‌ಪೋಷರ್ +0.4, ಟೆಂಪ್ +10, ಡಿಹೇಜ್ -10. ಗಾಳಿಯಲ್ಲಿ ಹನಿ ತೂಗುತ್ತಿರುವಂತೆ ಬೆಳಕು ಹರಡುತ್ತದೆ. ಆ ಬೆಳಕು ಬೀಳಬೇಕಾದ ಗೋಡೆಗೂ ನೆಲಕ್ಕೂ ಸ್ವಲ್ಪ ಹಂಚದಿದ್ದರೆ ದೀಪ ಗಾಳಿಯಲ್ಲಿ ಅಂಟಿಸಿದಂತೆ ಕಾಣುತ್ತದೆ. ಈ ತಪ್ಪು ತುಂಬ ಸಾಮಾನ್ಯ. ವಿಗ್ನೆಟ್ (ಚಿತ್ರದ ಅಂಚುಗಳ ಕತ್ತಲು) -10ರಿಂದ -15 ಸಾಕು. ಅಂಚಿನಲ್ಲೂ ದೀಪಗಳಿದ್ದರೆ ಅದರಲ್ಲೇ ಇರುವ ಹೈಲೈಟ್ಸ್ ಸ್ಲೈಡರ್ ಏರಿಸಿ, ದೀಪಗಳು ಕಂದುವುದಿಲ್ಲ.

ನಾಯ್ಸ್ ರಿಡಕ್ಷನ್ 15ರಿಂದ 25 ಕೊಟ್ಟು, ಮೇಲೆ ಗ್ರೇನ್ (ಹಳೆಯ ಫಿಲ್ಮಿನಂಥ ಸಣ್ಣ ಕಣಗಳು) 15ರಷ್ಟು ಸೇರಿಸುವುದು ವಿಚಿತ್ರವೆನಿಸಬಹುದು. ನಾಯ್ಸ್‌ನಲ್ಲಿ ಬಣ್ಣದ ಚುಕ್ಕೆಗಳಿರುತ್ತವೆ ಮತ್ತು ಅದು ಕತ್ತಲಲ್ಲೇ ಗುಂಪುಗೂಡುತ್ತದೆ. ಗ್ರೇನ್‌ನಲ್ಲಿ ಬಣ್ಣವಿಲ್ಲ, ಅದು ಚಿತ್ರದ ತುಂಬ ಹರಡಿ ಆಕಾಶದ ಪಟ್ಟೆಗಳನ್ನೂ ಮರೆಮಾಚುತ್ತದೆ. ಇದೆಲ್ಲವನ್ನೂ ಯಾವ ಪರದೆಯ ಮೇಲೆ ಮಾಡುತ್ತೀರಿ ಎನ್ನುವುದೂ ಮುಖ್ಯ. ಮಾನಿಟರಿನ ಬೆಳಕು ಪೂರ್ತಿ ಏರಿಸಿ ಕೂತರೆ ಎಷ್ಟು ಕಪ್ಪಾಗಿಸಿದರೂ ಸಾಲದೆನಿಸಿ, ಬೇರೆಯವರ ಪರದೆಯಲ್ಲಿ ಏನೂ ಕಾಣದಂತಾಗುತ್ತದೆ. ಪ್ರತಿ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ (ಪರದೆಯ ಬೆಳಕಿನ ಅಳತೆ) ಸರಿಯಾದ ಮಟ್ಟ. ರಾತ್ರಿ ಹೊತ್ತು ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಆಫ್ ಮಾಡಿರಬೇಕು.

ಇನ್ನು ನಿಮಗೆ ನೇರವಾಗಿ ಸಂಬಂಧಿಸಿದ ವಿಷಯ. ಪರದೆಗೆ ಸರಿಯಾದ ಮೂಡಿ ಚಿತ್ರ ಪತ್ರಿಕೆಯ ಕಾಗದಕ್ಕೆ ಸರಿಯಾಗುವುದಿಲ್ಲ. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರಿ, ಅಚ್ಚಿನ ಚಿತ್ರವನ್ನು ಕಟ್ಟುವ ಚುಕ್ಕೆಗಳನ್ನು ಹಿಗ್ಗಿಸುತ್ತದೆ. ಫೈಲಿನಲ್ಲಿ 50% ಇದ್ದ ಚುಕ್ಕೆ ಕಾಗದದ ಮೇಲೆ 75%ರ ಆಸುಪಾಸಿಗೆ ಬರುತ್ತದೆ. ಪ್ರತಿ ಶಾಯಿಗೂ 100% ಎಂದು ಲೆಕ್ಕ ಹಿಡಿದರೆ, ನಾಲ್ಕೂ ಶಾಯಿ ಸೇರಿ ಸುಮಾರು 240%ಗಿಂತ ಹೆಚ್ಚು ಸುರಿಯುವಂತಿಲ್ಲ, ಸುರಿದರೆ ಒಣಗದೆ ಎದುರಿನ ಪುಟಕ್ಕೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಕಟ್ಟಡದ ಕತ್ತಲಿನಲ್ಲಿ ಕಷ್ಟಪಟ್ಟು ಉಳಿಸಿದ ವಿವರವೆಲ್ಲ ಅಚ್ಚಿನಲ್ಲಿ ಒಂದೇ ಮಸಿಯ ಮುದ್ದೆ. ಮುದ್ರಣಕ್ಕೆ ಬೇರೆ ಪ್ರತಿಯೇ ಬೇಕು: ಕರ್ವ್‌ನ ನಡುಬಿಂದು 128ನ್ನು 145ರ ಹತ್ತಿರಕ್ಕೆ ಎತ್ತಿ, ಶ್ಯಾಡೋಸ್ +20 ಕೊಟ್ಟು, ಶಾರ್ಪನಿಂಗ್ ಪರದೆಗೆ ಬೇಕಾದ್ದಕ್ಕಿಂತ ಒಂದು ಕೈ ಹೆಚ್ಚೇ ಹಾಕಿದ್ದು. ಪರದೆಯಲ್ಲಿ ಅದು ಪೇಲವವಾಗಿ ಕಾಣುತ್ತದೆ, ಹಾಗೆ ಕಂಡರೆ ಸರಿ.

ಸುದ್ದಿಚಿತ್ರಗಳಿಗೆ ಮಾತ್ರ ಇದ್ಯಾವುದೂ ಸಲ್ಲ. ಮೂಲ ದೃಶ್ಯವನ್ನು ಗಣನೀಯವಾಗಿ ಬದಲಿಸುವಷ್ಟು ಕಾಂಟ್ರಾಸ್ಟ್, ಬಣ್ಣ, ಸ್ಯಾಚುರೇಷನ್ ಮಾರ್ಪಾಡನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಒಪ್ಪುವುದಿಲ್ಲ. ಹಿನ್ನೆಲೆಯನ್ನು ಕಪ್ಪಾಗಿಸಿ ಅಳಿಸುವುದನ್ನೂ ಅದರ ನಿಯಮ ತಡೆಯುತ್ತದೆ. 1994ರ ಜೂನ್ 27ರ ಸಂಚಿಕೆಯ ಮುಖಪುಟದಲ್ಲಿ ಅಮೆರಿಕದ ಟೈಮ್ ಪತ್ರಿಕೆ, ಕೊಲೆ ಆರೋಪ ಹೊತ್ತಿದ್ದ ಮಾಜಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಒ.ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೊವನ್ನು ಕಪ್ಪಾಗಿಸಿ ಅಚ್ಚು ಹಾಕಿತ್ತು. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೊವನ್ನು ಇದ್ದಂತೆಯೇ ಹಾಕಿದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಮುಖವೊಂದಕ್ಕೆ ಆದದ್ದು ನಗರಕ್ಕೂ ಆಗಬಹುದು: ತಿಳಿ ಸಂಜೆಯ ಬೀದಿಗೆ ಮಂಜು, ಕತ್ತಲು ಸೇರಿಸಿದರೆ ಅದು ವಾಯುಮಾಲಿನ್ಯದ ಅಥವಾ ಅಪರಾಧದ ವರದಿಗೆ ಸುಳ್ಳು ಸಾಕ್ಷಿಯಾದೀತು.

ಓದುಗರಿಂದ ನಗರದ ಚಿತ್ರಗಳನ್ನು ಆಹ್ವಾನಿಸುವಾಗ ಮುದ್ರಣಕ್ಕೆಂದೇ ತಯಾರಿಸಿದ ಪ್ರತಿ ಕಳುಹಿಸಲು ಸೂಚಿಸಿ, ಜೊತೆಗೆ ತಿದ್ದದ ಮೂಲ ಫೈಲನ್ನೂ ಕೇಳಿ. ಪ್ರಕಟಿಸುವಾಗ ಚಿತ್ರದ ಅಡಿ ‘ಸಂಸ್ಕರಿಸಿದ ಚಿತ್ರ’ ಎಂಬ ಎರಡು ಪದ ಇರಲಿ.

ಇಂತಿ,
ಪತ್ರಿಕೆಯ ಓದುಗರಾದ ಕೆಲವು ಛಾಯಾಗ್ರಾಹಕರು