ಪಾರ್ಕ್ ಹಿಂದಿನ ಕುದುರೆಗಳು: ಭಾನುವಾರ ಬೆಳಿಗ್ಗೆ 7ಕ್ಕೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಪಾರ್ಕ್ ಹಿಂದಿನ ಖಾಲಿ ಸೈಟಿನಲ್ಲಿ ಎರಡು ಕುದುರೆ ತಿರುಗುತ್ತಿರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಟಾಂಗಾಕ್ಕೆ ಕಟ್ಟುತ್ತಿದ್ದವು ಇರಬೇಕು. ಬಿಳಿ ಕುದುರೆಯ ಮುಂಗಾಲಿನ ಗೊರಸು ಉದ್ದ ಬೆಳೆದು ಬಾಗಿದೆ, ಕುಂಟುತ್ತಿದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಪಾಪ, ಅದಕ್ಕೆ ಯಾರೂ ಮಾಡಿಸಿಲ್ಲ.

ಭಾನುವಾರ ಬೆಳಿಗ್ಗೆ 7ಕ್ಕೆ ಪಶುವೈದ್ಯರು ಬರುತ್ತಾರೆ, ಲಾಳ ಕಟ್ಟುವವರೂ ಜೊತೆಗಿರುತ್ತಾರೆ. ನೀರು ತರಲು, ದಾರಿಯಲ್ಲಿ ಜನ ಸೇರದಂತೆ ನೋಡಿಕೊಳ್ಳಲು ನಾಲ್ಕು ಜನ ಬೇಕು.

ಅಲ್ಲಿಯವರೆಗೆ ದಯವಿಟ್ಟು ಅನ್ನ, ಬ್ರೆಡ್, ಚಪಾತಿ ಹಾಕಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಶೂಲೆ ಬಂದರೆ ಜೀವಕ್ಕೇ ಅಪಾಯ. ಪ್ಲಾಸ್ಟಿಕ್ ಕವರಲ್ಲಿ ಕಸ ಎಸೆಯುವುದಂತೂ ಬೇಡವೇ ಬೇಡ. ಒಣಹುಲ್ಲು ಕೊಡಿ, ಬಕೆಟ್‌ನಲ್ಲಿ ನೀರಿಡಿ. ಒಂದು ಕುದುರೆ ದಿನಕ್ಕೆ 25 ಲೀಟರ್‌ಗಿಂತ ಜಾಸ್ತಿ ಕುಡಿಯುತ್ತದೆ, ಬಿಸಿಲಿದ್ದರೆ ಇನ್ನೂ ಹೆಚ್ಚು.

ಮಕ್ಕಳನ್ನು ಹತ್ತಿರ ಬಿಡಬೇಡಿ, ಹಿಂದಿನಿಂದ ಹೋಗಬೇಡಿ. ಮೂಗಿನಿಂದ ದಪ್ಪ ಸಿಂಬಳ ಇಳಿಯುತ್ತಿದ್ದರೆ ಮುಟ್ಟಲೇಬೇಡಿ. ಅದು ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗ ಇರಬಹುದು, ಮನುಷ್ಯರಿಗೂ ಹರಡುತ್ತದೆ. ಕೂಡಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೂ ಮಾಲೀಕರು ಸಿಕ್ಕರೆ ಜಗಳ ಬೇಡ. ಟಾಂಗಾಕ್ಕೆ ಬಾಡಿಗೆ ಸಿಗದೆ ಮೇವಿಗೂ ಕಷ್ಟಪಡುವವರು ಬಹಳ ಮಂದಿ ಇದ್ದಾರೆ. ಮೊದಲು ಮಾತಾಡೋಣ.

ಬರುವವರು, ಹುಲ್ಲು ಕೊಡಿಸುವವರು, ಮಾಲೀಕರ ಗುರುತಿರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ನೆರಳಿರುವ ಜಾಗ ಒಂದೆರಡು ವಾರಕ್ಕೆ ಕೊಡುವವರಿದ್ದರೆ ಇವತ್ತೇ ತಿಳಿಸಿ.